ಹತ್ತು ಆಂಪ್ ಫ್ಯೂಸಿನ ಸಾಕ್ಷಿ

ಹಳೆಯ ಪಿಕಪ್ ಗಾಡಿಯ ಫ್ಯೂಸ್ ಬಾಕ್ಸಿನ ಮುಚ್ಚಳ ತೆಗೆದರೆ ಬಣ್ಣಬಣ್ಣದ ಪುಟ್ಟ ಪ್ಲಾಸ್ಟಿಕ್ ಬಿಲ್ಲೆಗಳು ಸಾಲಾಗಿ ಕೂತಿರುತ್ತವೆ. ಅವುಗಳಲ್ಲಿ ಕೆಂಪನೆಯದೊಂದನ್ನು ಎಳೆದು ಬೆಳಕಿಗೆ ಹಿಡಿದು ನೋಡಿ. ಎರಡು ಚಪ್ಪಟೆ ಕಾಲುಗಳು, ಅವೆರಡನ್ನೂ ಸೇರಿಸುವ ಬಾಗಿದ ಲೋಹದ ಎಳೆ, ತಲೆಯ ಮೇಲೆ 10 ಎಂಬ ಅಂಕಿ. ಎಳೆಯ ನಡುಭಾಗವನ್ನು ಬೇಕೆಂದೇ ಸಪೂರ ಮಾಡಿರುತ್ತಾರೆ. ಇಡೀ ಸರ್ಕ್ಯೂಟಿನಲ್ಲಿ ಎಲ್ಲಕ್ಕಿಂತ ದುರ್ಬಲವಾದ ಜಾಗ ಅದೇ ಆಗಿರಲಿ ಎಂಬುದು ಲೆಕ್ಕಾಚಾರ. ಏನಾದರೂ ಕೆಟ್ಟರೆ ಮೊದಲು ಕರಗಬೇಕಾದದ್ದು ಈ ಎಳೆ. ಡ್ಯಾಶ್‌ಬೋರ್ಡಿನ ಹಿಂದೆ, ಡೀಸೆಲ್ ಪೈಪಿನ ಪಕ್ಕದಲ್ಲಿ, ಕೈಗೂ ಕಣ್ಣಿಗೂ ಸಿಗದ ಕಡೆ ಹಾದುಹೋಗುವ ವೈರಿಗೆ ಆ ಗತಿ ಬರಬಾರದು.

ಇಂಥದೊಂದು ಗಾಡಿಯನ್ನು ಎದುರಿಗಿಟ್ಟುಕೊಂಡು ಈ ಅಧ್ಯಾಯ ಓದೋಣ. ಹದಿನೈದು ವರ್ಷ ದುಡಿದ ಪಿಕಪ್. ಕೋಲಾರದ ಹಳ್ಳಿಗಳಿಂದ ಟೊಮೇಟೊ ಕ್ರೇಟುಗಳನ್ನು ಹೇರಿಕೊಂಡು ರಾತ್ರಿ ಮಾರುಕಟ್ಟೆಗೆ ಹೊರಡುತ್ತದೆ. ಪಾರ್ಕ್ ಲೈಟು, ಹಿಂದಿನ ಕೆಂಪು ಲೈಟು, ನಂಬರ್ ಪ್ಲೇಟಿನ ಲೈಟು, ಮೀಟರಿನೊಳಗಿನ ಬೆಳಕು ಎಲ್ಲವೂ ಒಂದೇ 10 ಆಂಪ್ ಫ್ಯೂಸಿನಿಂದ ಉಣ್ಣುತ್ತವೆ. ಆ ಫ್ಯೂಸು ಪದೇ ಪದೇ ಹೋಗುತ್ತದೆ. ಹೊಸದು ಹಾಕಿದರೆ ಎರಡು ದಿನ, ಕೆಲವೊಮ್ಮೆ ಎರಡೇ ಮೈಲಿ. ಹೆಡ್‌ಲೈಟ್ ಉರಿಯುತ್ತಿರುವುದರಿಂದ, ಮೀಟರಿನ ಬೆಳಕು ಆರಿದ್ದನ್ನು ಗಮನಿಸದಿದ್ದರೆ, ಚಾಲಕನಿಗೆ ಏನೂ ಗೊತ್ತಾಗುವುದಿಲ್ಲ. ಹಿಂದಿನಿಂದ ಬರುವ ಲಾರಿಯವನಿಗೆ ಮಾತ್ರ ಮುಂದೆ ಗಾಡಿಯೇ ಕಾಣುವುದಿಲ್ಲ.

ಇಂಥ ಹೊತ್ತಿನಲ್ಲಿ ಜನ ಮಾಡುವುದು ಎರಡೇ ಕೆಲಸ. ಸೀಟಿನ ಕೆಳಗೆ ಫ್ಯೂಸುಗಳ ಒಂದು ಪೊಟ್ಟಣ ಇಟ್ಟುಕೊಂಡು ಹೋದಾಗಲೆಲ್ಲ ಹೊಸದು ಹಾಕುತ್ತಾ ಸಾಗುವುದು ಒಂದು. ಅದೂ ಸಾಕಾಗಿ, ಹಸಿರು ಬಣ್ಣದ 30 ಆಂಪಿನದನ್ನೋ ಸಿಗರೇಟ್ ಪ್ಯಾಕಿನ ಬೇಗಡೆಯನ್ನೋ ತುರುಕಿ ನಿಟ್ಟುಸಿರು ಬಿಡುವುದು ಇನ್ನೊಂದು. ಎರಡನೆಯದು ಎಷ್ಟು ದೊಡ್ಡ ಅಪಾಯ ಎಂಬುದನ್ನು ಮುಂದೆ ಲೆಕ್ಕ ಹಾಕಿಯೇ ನೋಡೋಣ. ಮೊದಲನೆಯದರಿಂದ ಆಗುವ ನಷ್ಟ ಬೇರೆ ಬಗೆಯದು. ಹೋದ ಪ್ರತಿ ಫ್ಯೂಸೂ ದೋಷ ಯಾವ ಬಗೆಯದು, ಎಷ್ಟು ದೊಡ್ಡದು, ಕೆಲವೊಮ್ಮೆ ಎಲ್ಲಿದೆ ಎಂಬುದನ್ನೂ ಹೇಳುತ್ತದೆ. ನಾವು ಅದನ್ನು ಕಿಟಕಿಯಾಚೆ ಎಸೆದುಬಿಡುತ್ತೇವೆ.

ಕರೆಂಟ್ ಹರಿಯುವ ಪ್ರತಿ ತಂತಿಯೂ ಬಿಸಿಯಾಗುತ್ತದೆ. ಎಷ್ಟು ಬಿಸಿ ಎಂಬುದನ್ನು ಇಂಗ್ಲೆಂಡಿನ ಜೇಮ್ಸ್ ಜೌಲ್ 1840ರ ಸುಮಾರಿಗೆ ಅಳೆದು ತೋರಿಸಿದ. ಬಿಯರ್ ತಯಾರಿಸುವ ಮನೆತನದ ಹುಡುಗ, ಆಗಿನ್ನೂ ಇಪ್ಪತ್ತರ ಹರೆಯ. ಅವನು ಕಂಡುಕೊಂಡದ್ದು ಇಷ್ಟು: ತಂತಿಯಲ್ಲಿ ಹುಟ್ಟುವ ಶಾಖ ಕರೆಂಟಿನ ವರ್ಗಕ್ಕೆ ತಕ್ಕಂತೆ ಏರುತ್ತದೆ. ಕರೆಂಟ್ ಎರಡರಷ್ಟಾದರೆ ಶಾಖ ನಾಲ್ಕರಷ್ಟು, ಮೂರರಷ್ಟಾದರೆ ಒಂಬತ್ತರಷ್ಟು, ಹತ್ತರಷ್ಟಾದರೆ ನೂರರಷ್ಟು. ಫ್ಯೂಸ್ ಎಂಬ ವಸ್ತು ನಿಂತಿರುವುದೇ ಈ ನಿಯಮದ ಮೇಲೆ. ಥಾಮಸ್ ಎಡಿಸನ್ 1880ರಲ್ಲೇ ವಿದ್ಯುದ್ದೀಪಗಳ ರಕ್ಷಣೆಗೆಂದು ಕರಗುವ ತಂತಿಗೆ ಪೇಟೆಂಟ್ ಪಡೆದಿದ್ದ. ಹಳೆಯ ಜೀಪುಗಳಲ್ಲಿ ಗಾಜಿನ ಕೊಳವೆಯ ಫ್ಯೂಸ್ ಇರುತ್ತಿದ್ದುದನ್ನು ಹಿರಿಯ ಚಾಲಕರು ಮರೆತಿಲ್ಲ. ಈಗ ನಾವು ಕಾಣುವ ಚಪ್ಪಟೆ ಕಾಲಿನ ಬಣ್ಣದ ಫ್ಯೂಸನ್ನು ಅಮೆರಿಕದ ಲಿಟಲ್‌ಫ್ಯೂಸ್ ಕಂಪನಿ 1976ರಲ್ಲಿ ತಂದಿತು. ಕಂದು 7.5, ಕೆಂಪು 10, ನೀಲಿ 15, ಹಳದಿ 20, ಹಸಿರು 30 ಎಂಬ ಬಣ್ಣದ ಭಾಷೆಯನ್ನು ಇವತ್ತು ಕಂಪನಿಗಳೆಲ್ಲ ಪಾಲಿಸುತ್ತವೆ.

10 ಆಂಪ್ ಫ್ಯೂಸ್ ಅಂದರೆ 10 ಆಂಪ್ ದಾಟಿದ ಕೂಡಲೇ ಹೋಗುವ ಫ್ಯೂಸ್ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನೂ ಇಲ್ಲ. 11 ಆಂಪ್ ಹರಿಸಿದರೆ ಅದು 100 ಗಂಟೆಯಾದರೂ ತಾಳಿಕೊಳ್ಳಬೇಕು ಎಂದೇ ತಯಾರಕರು ಅದನ್ನು ಮಾಡಿರುತ್ತಾರೆ. 13.5 ಆಂಪ್ ಹರಿದರೆ ಮುಕ್ಕಾಲು ಸೆಕೆಂಡಿನಿಂದ 10 ನಿಮಿಷದೊಳಗೆ ಯಾವಾಗ ಬೇಕಾದರೂ ಕರಗಬಹುದು. 20 ಆಂಪ್ ಆದರೆ ಹೆಚ್ಚೆಂದರೆ 5 ಸೆಕೆಂಡ್. 60 ಆಂಪ್ ಆದರೆ ಸೆಕೆಂಡಿನ ಹತ್ತನೇ ಒಂದು ಭಾಗವೂ ಬೇಡ. ಕಾರಣ ಸರಳ. ಕರೆಂಟ್ ಸ್ವಲ್ಪವೇ ಹೆಚ್ಚಿದ್ದಾಗ ಎಳೆಯಲ್ಲಿ ಹುಟ್ಟಿದ ಶಾಖ ದಪ್ಪ ಕಾಲುಗಳ ಮೂಲಕ ಫ್ಯೂಸ್ ಬಾಕ್ಸಿನ ಕ್ಲಿಪ್ಪುಗಳಿಗೆ ಸೋರಿಹೋಗುತ್ತದೆ. ಎಳೆ ಬಿಸಿಯಾಗುತ್ತದೆಯೇ ಹೊರತು ಕರಗುವ ಮಟ್ಟ ಮುಟ್ಟಲು ಹೆಣಗುತ್ತದೆ. ಕರೆಂಟ್ ಒಂದೇ ಏಟಿಗೆ ನುಗ್ಗಿದರೆ ಶಾಖಕ್ಕೆ ಸೋರಿಹೋಗಲು ಹೊತ್ತೇ ಸಿಗುವುದಿಲ್ಲ. ಎಳೆ ಸಾಮಾನ್ಯವಾಗಿ ಸತುವಿನದು. ಸತು ಕರಗುವುದು 420 ಡಿಗ್ರಿಯ ಸುಮಾರಿಗೆ, ತಾಮ್ರ 1,085ಕ್ಕೆ. ವೈರು ಇನ್ನೂ ಬೆಚ್ಚಗಾಗುತ್ತಿರುವಾಗಲೇ ಎಳೆಯ ನಡು ಹಾರಿಹೋಗಿರುತ್ತದೆ.

ಅಂದರೆ ಹೋಗಲು ತೆಗೆದುಕೊಂಡ ಹೊತ್ತೇ ಕರೆಂಟಿನ ಒಂದು ಅಳತೆ. ಲೈಟ್ ಹಾಕಿದ ಕ್ಷಣವೇ ಹೋಯಿತೇ, ಅರ್ಧ ಗಂಟೆ ಉರಿದ ಮೇಲೆ ಹೋಯಿತೇ, ಗುಂಡಿಯಲ್ಲಿ ಗಾಡಿ ಕುಲುಕಿದಾಗ ಹೋಯಿತೇ? ಒಳ್ಳೆಯ ಆಟೋ ಎಲೆಕ್ಟ್ರಿಷಿಯನ್ ಸ್ಪ್ಯಾನರ್ ಕೈಗೆತ್ತಿಕೊಳ್ಳುವ ಮೊದಲು ಚಾಲಕನನ್ನು ಕೂರಿಸಿಕೊಂಡು ಇದನ್ನೇ ಕೇಳುತ್ತಾನೆ.

ಹೋದ ಫ್ಯೂಸಿನ ಮೈಯಲ್ಲೂ ಗುರುತು ಇರುತ್ತದೆ. ಭೂತಗನ್ನಡಿ ಇದ್ದರೆ ಒಳ್ಳೆಯದು, ಇಲ್ಲದಿದ್ದರೆ ಮೊಬೈಲಿನ ಕ್ಯಾಮೆರಾ ದೊಡ್ಡದು ಮಾಡಿ ತೋರಿಸುತ್ತದೆ. ಎಳೆಯ ನಡುವೆ ಅಚ್ಚುಕಟ್ಟಾದ ಒಂದು ಬಿರುಕು, ಎರಡೂ ತುದಿ ಕರಗಿ ಗುಂಡಗಾಗಿವೆ, ಪ್ಲಾಸ್ಟಿಕ್ ಸ್ವಚ್ಛವಾಗಿದೆ ಎಂದಾದರೆ ಲೋಡ್ ಜಾಸ್ತಿಯಾಗಿ ನಿಧಾನಕ್ಕೆ ಹೋದದ್ದು. ಎಳೆಯ ಬಹುಭಾಗ ಮಾಯವಾಗಿ ಒಳಗೋಡೆಯ ಮೇಲೆ ಕಪ್ಪು ಮಸಿ, ಲೋಹದ ಸಣ್ಣ ಹನಿಗಳು ಸಿಡಿದಿದ್ದರೆ ಅದು ಶಾರ್ಟ್. ಮೂರನೆಯ ಬಗೆಯೊಂದಿದೆ: ಎಳೆ ಸರಿಯಾಗಿಯೇ ಇದೆ, ಆದರೆ ಒಂದು ಕಾಲಿನ ಬುಡದಲ್ಲಿ ಪ್ಲಾಸ್ಟಿಕ್ ಕಂದಾಗಿ ಕರಗಿದೆ. ಇಲ್ಲಿ ತಪ್ಪು ವೈರಿನದಲ್ಲ, ಫ್ಯೂಸ್ ಕೂರುವ ಕ್ಲಿಪ್ ಸಡಿಲವಾಗಿದೆ ಅಥವಾ ತುಕ್ಕು ಹಿಡಿದಿದೆ. ಅಲ್ಲಿ ರೋಧ ಹೆಚ್ಚಿ ಅಲ್ಲೇ ಶಾಖ ಹುಟ್ಟುತ್ತಿದೆ. ಇದಕ್ಕೆ ಎಷ್ಟು ಹೊಸ ಫ್ಯೂಸ್ ಹಾಕಿದರೂ ಪ್ರಯೋಜನವಿಲ್ಲ, ಕ್ಲಿಪ್ಪನ್ನೇ ಬದಲಿಸಬೇಕು.

ಈಗ ನಮ್ಮ ಗಾಡಿಯ ಲೋಡ್ ಲೆಕ್ಕ ಹಾಕೋಣ. ಮುಂದೆ ಎರಡು, ಹಿಂದೆ ಎರಡು, ನಂಬರ್ ಪ್ಲೇಟಿಗೆ ಒಂದು, ಎಲ್ಲವೂ 5 ವ್ಯಾಟಿನ ಬಲ್ಬುಗಳು. ಮೀಟರಿನೊಳಗಿನ ಪುಟಾಣಿಗಳಿಗೆಲ್ಲ ಸೇರಿ ಇನ್ನೊಂದು 5 ವ್ಯಾಟ್ ಇಟ್ಟುಕೊಳ್ಳಿ. ಒಟ್ಟು 30 ವ್ಯಾಟ್. ಬ್ಯಾಟರಿ 12 ವೋಲ್ಟ್. 30 ಅನ್ನು 12ರಿಂದ ಭಾಗಿಸಿದರೆ 2.5 ಆಂಪ್. ಫ್ಯೂಸಿನ ತಾಕತ್ತು ಅದರ ನಾಲ್ಕರಷ್ಟು. ಬಲ್ಬುಗಳೆಲ್ಲ ಸರಿಯಾಗಿದ್ದರೆ ಈ ಸರ್ಕ್ಯೂಟಿನಲ್ಲಿ ಫ್ಯೂಸ್ ಹೋಗಲು ಸಾಧ್ಯವೇ ಇಲ್ಲ. ಹೋಗುತ್ತಿದೆ ಎಂದಾದರೆ, ಲೆಕ್ಕದಲ್ಲಿಲ್ಲದ್ದು ಏನೋ ಕರೆಂಟ್ ಕುಡಿಯುತ್ತಿದೆ.

ಮೊದಲ ಅನುಮಾನ ಆಮೇಲೆ ಸೇರಿಸಿದ ವಸ್ತುಗಳ ಮೇಲೆ ಹೋಗಬೇಕು. ನಮ್ಮಲ್ಲಿ ಗಾಡಿ ಕೊಂಡ ತಿಂಗಳೊಳಗೆ ಅದಕ್ಕೆ ಸಿಂಗಾರ ಶುರುವಾಗುತ್ತದೆ. ಮುಂದಿನ ಗಾಜಿನ ಮೇಲೆ ಬಣ್ಣದ ದೀಪಗಳ ಸಾಲು, ದೇವರ ಪಟಕ್ಕೊಂದು ಬೆಳಕು, ಹಾಡಿನ ಪೆಟ್ಟಿಗೆ, ಬಂಪರಿಗೆ ಎರಡು ಫಾಗ್ ಲೈಟ್. ಇವಕ್ಕೆಲ್ಲ ಪಾರ್ಕ್ ಲೈಟಿನ ವೈರಿಗೇ ಜಾಯಿಂಟ್ ಹಾಕಿ ಟೇಪ್ ಸುತ್ತುವುದು ರೂಢಿ. 55 ವ್ಯಾಟಿನ ಎರಡು ಫಾಗ್ ಲೈಟ್ ಸೇರಿದರೆ 30 ವ್ಯಾಟ್ ಇದ್ದದ್ದು 140 ಆಗುತ್ತದೆ, ಕರೆಂಟ್ 12 ಆಂಪಿನ ಹತ್ತಿರ ಬರುತ್ತದೆ. ಫ್ಯೂಸ್ ಒಮ್ಮೆ ಗಂಟೆಗಟ್ಟಲೆ ತಾಳುತ್ತದೆ, ಇನ್ನೊಮ್ಮೆ ಹೋಗುತ್ತದೆ. ಬಿಸಿಲಿನಲ್ಲಿ ಕಾದ ಕ್ಯಾಬಿನ್ನಿನಲ್ಲಿ ಬೇಗ, ಮಳೆಗಾಲದ ರಾತ್ರಿಯಲ್ಲಿ ತಡ. ಇದರ ಮದ್ದು ದೊಡ್ಡ ಫ್ಯೂಸ್ ಅಲ್ಲವೇ ಅಲ್ಲ. ಫಾಗ್ ಲೈಟಿಗೆ ಬ್ಯಾಟರಿಯಿಂದಲೇ ಬೇರೆ ದಪ್ಪ ವೈರ್, ಅದರದೇ ಫ್ಯೂಸ್, ಒಂದು ರಿಲೇ ಹಾಕಿಸಬೇಕು. ಯಾವ ಫ್ಯೂಸಿಗೂ ಅದರ ಅಂಕಿಯ ಮುಕ್ಕಾಲು ಪಾಲಿಗಿಂತ ಹೆಚ್ಚು ಕರೆಂಟನ್ನು ಸದಾ ಹರಿಸಬಾರದು ಎಂಬುದು ಫ್ಯೂಸ್ ಮಾಡುವವರೇ ಹೇಳುವ ಮಾತು.

ನಮ್ಮ ಗಾಡಿಗೆ ಸಿಂಗಾರವಿಲ್ಲ, ಫ್ಯೂಸಿನ ಒಳಗೋಡೆ ಮಸಿಯಾಗಿದೆ. ಹಾಗಾದರೆ ಶಾರ್ಟ್ ಇದೆ.

ಗಾಡಿಯ ವೈರಿಂಗಿಗೂ ಮನೆಯ ವೈರಿಂಗಿಗೂ ಒಂದು ಮುಖ್ಯ ವ್ಯತ್ಯಾಸವಿದೆ. ಮನೆಯಲ್ಲಿ ಕರೆಂಟ್ ಒಂದು ವೈರಿನಲ್ಲಿ ಬಂದು ಇನ್ನೊಂದರಲ್ಲಿ ಹಿಂತಿರುಗುತ್ತದೆ. ಗಾಡಿಯಲ್ಲಿ ಬಹುತೇಕ ಬಲ್ಬುಗಳಿಗೆ ಬರುವುದಕ್ಕಷ್ಟೇ ವೈರ್. ಹಿಂತಿರುಗುವ ದಾರಿ ಗಾಡಿಯ ಕಬ್ಬಿಣದ ಮೈಯೇ. ಬ್ಯಾಟರಿಯ ಮೈನಸ್ ತುದಿಯನ್ನು ಚಾಸಿಗೆ ಬಿಗಿದಿರುತ್ತಾರೆ. ಮೆಕ್ಯಾನಿಕ್‌ಗಳ ಬಾಯಲ್ಲಿ ಅದು ಬಾಡಿ ಅರ್ಥ್. ತಾಮ್ರ ಉಳಿಸುವ ಈ ಜಾಣತನದ ಬೆಲೆ ಏನೆಂದರೆ, ಮುಂದಿನಿಂದ ಹಿಂದಿನವರೆಗೆ ಪ್ಲಸ್ ವೈರ್ ಸಾಗುವ ದಾರಿಯುದ್ದಕ್ಕೂ ಅದರ ಪಕ್ಕದಲ್ಲೇ ಮೈನಸ್ ಕಾದು ಕೂತಿರುತ್ತದೆ. ನಡುವೆ ಇರುವುದು ಪಿವಿಸಿಯ ಒಂದು ತೆಳು ಹೊದಿಕೆ. ಹೊಸದರಲ್ಲಿ ಅದು ಮೆತ್ತಗೆ ಬಾಗುತ್ತದೆ, ಏಕೆಂದರೆ ಪಿವಿಸಿಗೆ ಮೃದುತ್ವ ಕೊಡುವ ಎಣ್ಣೆಯಂಥ ರಾಸಾಯನಿಕವನ್ನು ಬೆರೆಸಿರುತ್ತಾರೆ. ಎಂಜಿನ್ನಿನ ಬಿಸಿಗೆ, ಬಿಸಿಲಿಗೆ ವರ್ಷಾನುಗಟ್ಟಲೆ ಅದು ಆವಿಯಾಗುತ್ತಾ ಹೋದಂತೆ ಹೊದಿಕೆ ಹಳೆಯ ಹವಾಯಿ ಚಪ್ಪಲಿಯ ಪಟ್ಟಿಯ ಹಾಗೆ ಬಿರುಸಾಗಿ ಸೀಳುತ್ತದೆ. ಚಾಸಿಯ ರಂಧ್ರಗಳಲ್ಲಿ ವೈರ್ ಹಾದುಹೋಗುವಲ್ಲಿ ಇರಬೇಕಾದ ರಬ್ಬರ್ ಬುಷ್ ಉದುರಿಹೋಗಿರುತ್ತದೆ. ಕಬ್ಬಿಣದ ಅಂಚು ದಿನವೂ ಸ್ವಲ್ಪ ಸ್ವಲ್ಪ ಕೆರೆಯುತ್ತದೆ.

ಇಲಿಗಳದು ಇನ್ನೊಂದು ಕಾಟ. ಲೋಡ್ ಬಾಡಿಯ ಸಂದುಗಳಲ್ಲಿ ಭತ್ತ, ಮೆಕ್ಕೆಜೋಳದ ಕಾಳು ಬಿದ್ದಿದ್ದರೆ ರಾತ್ರಿ ಇಲಿ ಬಂದೇ ಬರುತ್ತದೆ. ಬಂದದ್ದು ವೈರಿಗೂ ಹಲ್ಲು ಹಾಕುತ್ತದೆ. ಕರಾವಳಿಯಲ್ಲಿ ಮಲ್ಪೆಯಂಥ ಬಂದರುಗಳಿಂದ ಮೀನು ಹೊರುವ ಗಾಡಿಗಳ ಸಮಸ್ಯೆ ಬೇರೆ. ಮಂಜುಗಡ್ಡೆ ಕರಗಿದ ಉಪ್ಪುನೀರು ಹಿಂದಿನ ಲೈಟಿನ ಹೋಲ್ಡರಿಗೆ ಇಳಿದು ಹಿತ್ತಾಳೆ ಹಸಿರುಗಟ್ಟುತ್ತದೆ. ಬರೀ ನೀರು 10 ಆಂಪ್ ಫ್ಯೂಸನ್ನು ಸುಡುವುದಿಲ್ಲ, ಅದರ ರೋಧ ಅಷ್ಟು ಕಡಿಮೆಯೇನಲ್ಲ. ಆದರೆ ತುಕ್ಕು ತಿಂದ ಹೋಲ್ಡರಿನೊಳಗಿನ ಸ್ಪ್ರಿಂಗು ಮುರಿದು ವಾಲಿದರೆ ಪ್ಲಸ್ಸೂ ಬಾಡಿಯೂ ನೇರವಾಗಿ ಸೇರುತ್ತವೆ.

ಹೀಗೆ ಸೇರಿದಾಗ ಎಷ್ಟು ಕರೆಂಟ್ ನುಗ್ಗುತ್ತದೆ? 1 ಚದರ ಮಿಲಿಮೀಟರ್ ದಪ್ಪದ ತಾಮ್ರದ ವೈರಿಗೆ ಮೀಟರಿಗೆ 0.0175 ಓಮ್ ರೋಧ. ಬ್ಯಾಟರಿಯಿಂದ 5 ಮೀಟರ್ ದೂರದಲ್ಲಿ ಶಾರ್ಟ್ ಆದರೆ ವೈರಿನದು 0.09 ಓಮ್, ಬ್ಯಾಟರಿಯ ಒಳರೋಧ, ಸ್ವಿಚ್ಚು, ಕಪ್ಲರುಗಳದ್ದು ಸೇರಿ ಒಟ್ಟು 0.12 ಓಮ್ ಎಂದುಕೊಳ್ಳೋಣ. 12 ವೋಲ್ಟನ್ನು ಅದರಿಂದ ಭಾಗಿಸಿದರೆ 100 ಆಂಪ್. ಜೌಲ್‌ನ ನಿಯಮದ ಪ್ರಕಾರ ಆಗ ವೈರಿನ ಪ್ರತಿ ಮೀಟರಿನಲ್ಲೂ 175 ವ್ಯಾಟ್ ಶಾಖ ಹುಟ್ಟುತ್ತದೆ. ಒಂದು ಮೀಟರ್ ವೈರಿನಲ್ಲಿ ಇರುವ ತಾಮ್ರ 9 ಗ್ರಾಮ್ ಮಾತ್ರ. ಅಷ್ಟು ತಾಮ್ರವನ್ನು ಆ ಶಾಖ ಸೆಕೆಂಡಿಗೆ ಸುಮಾರು 50 ಡಿಗ್ರಿಯಂತೆ ಕಾಯಿಸುತ್ತದೆ. 10 ಆಂಪ್ ಫ್ಯೂಸ್ ಇದ್ದರೆ ಸೆಕೆಂಡಿನ ಹತ್ತನೇ ಒಂದು ಭಾಗದೊಳಗೆ ಎಲ್ಲ ನಿಂತುಹೋಗುತ್ತದೆ, ಅಷ್ಟರಲ್ಲಿ ವೈರ್ ಹೆಚ್ಚೆಂದರೆ 5 ಡಿಗ್ರಿ ಬಿಸಿಯಾಗಿರುತ್ತದೆ. ಮುಟ್ಟಿದರೂ ಗೊತ್ತಾಗದು. ಫ್ಯೂಸಿನ ಜಾಗದಲ್ಲಿ ದಪ್ಪ ತಂತಿಯ ತುಂಡು ಇದ್ದರೆ ಮೂರು ನಾಲ್ಕು ಸೆಕೆಂಡಿನಲ್ಲಿ ಪಿವಿಸಿ ಕರಗಿ ಹೊಗೆಯಾಡುತ್ತದೆ, ಒಟ್ಟಿಗೆ ಕಟ್ಟಿದ ಪಕ್ಕದ ವೈರುಗಳ ಹೊದಿಕೆಯೂ ಕರಗಿ ಅವೂ ಒಂದಕ್ಕೊಂದು ಅಂಟುತ್ತವೆ. 30 ಆಂಪಿನ ಹಸಿರು ಫ್ಯೂಸ್ ಇಂಥ ನೇರ ಶಾರ್ಟಿನಲ್ಲಿ ಹೇಗೂ ಹೋಗುತ್ತದೆ. ಅದರ ಅಪಾಯ ಇರುವುದು ಅರೆಬರೆ ತಾಗಿದ ಶಾರ್ಟಿನಲ್ಲಿ. 28 ಆಂಪ್ ಸದ್ದಿಲ್ಲದೆ ಗಂಟೆಗಟ್ಟಲೆ ಹರಿಯುತ್ತದೆ, 10 ಆಂಪಿಗೆಂದು ಎಳೆದ ವೈರ್ ಎಂಟರಷ್ಟು ಶಾಖವನ್ನು ಕಟ್ಟಿನೊಳಗೆ ಬಚ್ಚಿಟ್ಟುಕೊಂಡು ಬೇಯುತ್ತದೆ. ಫ್ಯೂಸ್ ಮಾತ್ರ ತಣ್ಣಗೆ ಕೂತಿರುತ್ತದೆ.

ಹಾಗಾಗಿ ದೋಷ ಸಿಗುವವರೆಗೂ ಫ್ಯೂಸಿನ ಜಾಗದಲ್ಲಿ ಏನಿಡಬೇಕು ಎಂಬ ಪ್ರಶ್ನೆಗೆ ಮೆಕ್ಯಾನಿಕ್‌ಗಳ ಬಳಿ ಬಹಳ ಹಿಂದಿನಿಂದ ಒಂದು ಸೊಗಸಾದ ಉತ್ತರವಿದೆ: ಒಂದು ಹೆಡ್‌ಲೈಟ್ ಬಲ್ಬು. ಎಚ್4 ಬಲ್ಬಿನಲ್ಲಿ 60 ಮತ್ತು 55 ವ್ಯಾಟಿನ ಎರಡು ತಂತುಗಳಿರುತ್ತವೆ. ಹೈ ಬೀಮ್ ಸುಟ್ಟುಹೋಗಿ ಲೋ ಬೀಮ್ ಉಳಿದ ಬಲ್ಬು ಯಾವ ಗ್ಯಾರೇಜಿನ ಮೂಲೆಯಲ್ಲಾದರೂ ಸಿಗುತ್ತದೆ. ಅದಕ್ಕೆ ಎರಡು ವೈರ್ ಬೆಸುಗೆ ಹಾಕಿ, ಆ ವೈರುಗಳ ಇನ್ನೊಂದು ತುದಿಯನ್ನು ಹೋದ ಫ್ಯೂಸಿನ ಎರಡು ಕಾಲುಗಳಿಗೆ ಬೆಸೆದರೆ ಉಪಕರಣ ಸಿದ್ಧ. ಅದನ್ನು ಫ್ಯೂಸಿನ ಜಾಗದಲ್ಲಿ ಚುಚ್ಚಿ ಪಾರ್ಕ್ ಲೈಟ್ ಹಾಕಿ. ಶಾರ್ಟ್ ಇದ್ದರೆ ಬ್ಯಾಟರಿಯ 12 ವೋಲ್ಟ್ ಪೂರ್ತಿ ಬಲ್ಬಿನ ಮೇಲೆ ಬಿದ್ದು ಅದು ಝಗ್ ಎಂದು ಉರಿಯುತ್ತದೆ. ಹಿಂದಿನ ಲೈಟುಗಳು ಆರಿರುತ್ತವೆ. ಶಾರ್ಟ್ ಇಲ್ಲದಿದ್ದರೆ ಲೈಟುಗಳು ತುಸು ಮಂಕಾಗಿ ಉರಿಯುತ್ತವೆ, ಬಲ್ಬಿನ ತಂತು ಕೆಂಪಗೆ ಮಿನುಗಿದರೆ ಹೆಚ್ಚು. ಶಾರ್ಟ್ ಎಷ್ಟೇ ದೊಡ್ಡದಿರಲಿ, ಬಲ್ಬು 4.6 ಆಂಪಿಗಿಂತ ಹೆಚ್ಚು ಹರಿಯಗೊಡುವುದಿಲ್ಲ. ಟಂಗ್‌ಸ್ಟನ್ ತಂತು ಕಾದಂತೆ ಅದರ ರೋಧ ತಣ್ಣಗಿದ್ದಾಗಿನ ಹತ್ತರಷ್ಟಕ್ಕೂ ಮೇಲೆ ಏರುತ್ತದೆ, ತನ್ನಷ್ಟಕ್ಕೆ ತಾನೇ ಲಗಾಮು ಹಾಕಿಕೊಳ್ಳುತ್ತದೆ. ಒಂದು ಪೊಟ್ಟಣ ಫ್ಯೂಸು ಸುಡುವ ಬದಲು ಇಡೀ ದಿನ ದೋಷವನ್ನು ಜೀವಂತ ಇಟ್ಟುಕೊಂಡು ಹುಡುಕಬಹುದು, ವೈರ್ ಬಿಸಿಯಾಗುವುದಿಲ್ಲ. ಬಲ್ಬು ಮಾತ್ರ ಸುಡುವಷ್ಟು ಕಾಯುತ್ತದೆ, ಸೀಟಿನ ಮೇಲೆ ಇಡಬೇಡಿ.

ಮಲ್ಟಿಮೀಟರ್ ಇದೆ, ಓಮ್‌ನಲ್ಲಿ ಅಳೆದರೆ ಸಾಕಲ್ಲ ಎನ್ನುವವರು ಒಂದು ಕಡೆ ಎಡವುತ್ತಾರೆ. ಉರಿಯುವಾಗ 5 ವ್ಯಾಟ್ ಬಲ್ಬಿನ ರೋಧ 29 ಓಮ್. ತಣ್ಣಗಿದ್ದಾಗ ಅದು 3 ಓಮ್‌ಗಿಂತಲೂ ಕೆಳಗೆ. ಅಂಥ ಐದು ಬಲ್ಬುಗಳು ಪಕ್ಕಪಕ್ಕದಲ್ಲಿ ಸೇರಿದ್ದರೆ ಮೀಟರಿನಲ್ಲಿ ಅರ್ಧ ಓಮ್ ಕಾಣುತ್ತದೆ, ಬೀಪ್ ಸದ್ದೂ ಬರುತ್ತದೆ. ಶಾರ್ಟ್ ಸಿಕ್ಕಿತು ಎಂದು ಸರಿಯಾದ ವೈರನ್ನೇ ಬಿಚ್ಚಿ ಹಾಕಿದ ಉದಾಹರಣೆಗಳು ಬೇಕಾದಷ್ಟಿವೆ. ಮೀಟರ್ ಬಳಸುವುದಾದರೆ ಬ್ಯಾಟರಿಯ ಮೈನಸ್ ಕಳಚಿ, ಆ ಸರ್ಕ್ಯೂಟಿನ ಬಲ್ಬುಗಳನ್ನೆಲ್ಲ ತೆಗೆದು ಆಮೇಲೆ ಅಳೆಯಿರಿ.

ಮುಂದಿನ ಕೆಲಸ ದಾರಿಯನ್ನು ಅರ್ಧರ್ಧ ಮಾಡುವುದು. ಕ್ಯಾಬಿನ್ನಿನ ಕೆಳಗೆ, ಚಾಸಿಯ ವೈರ್ ಮುಂದಿನ ವೈರಿಗೆ ಸೇರುವ ಕಪ್ಲರ್ ಇರುತ್ತದೆ. ಅದನ್ನು ಬಿಡಿಸಿದ ಕೂಡಲೇ ಬಲ್ಬು ಆರಿದರೆ ದೋಷ ಹಿಂದೆ ಇದೆ. ಉರಿಯುತ್ತಲೇ ಇದ್ದರೆ ಮುಂದೆ. ದೋಷವಿರುವ ಅರ್ಧವನ್ನು ಮತ್ತೆ ಅರ್ಧ ಮಾಡಿ. ಹದಿನಾರು ತುಂಡುಗಳಲ್ಲಿ ಯಾವುದು ಎಂದು ತಿಳಿಯಲು ನಾಲ್ಕೇ ಪರೀಕ್ಷೆ ಸಾಕು.

ಆದರೆ ನಮ್ಮ ಗಾಡಿ ಗ್ಯಾರೇಜಿಗೆ ಬಂದು ನಿಂತಾಗ ಬಲ್ಬು ಉರಿಯುವುದೇ ಇಲ್ಲ. ಎಲ್ಲ ಸರಿಯಿದೆ ಎಂದು ಹೊಸ ಫ್ಯೂಸ್ ಹಾಕಿ ಕಳಿಸುತ್ತಾರೆ. ಅದೇ ರಾತ್ರಿ ಫ್ಯೂಸ್ ಹೋಗುತ್ತದೆ. ಪದೇ ಪದೇ ಹೋಗುವ ಫ್ಯೂಸಿನ ಪ್ರಕರಣಗಳಲ್ಲಿ ಅತಿ ಹೆಚ್ಚು ಹೊತ್ತು ತಿನ್ನುವುದು ಇದೇ ಬಗೆ. ಇಲ್ಲಿ ಚಾಲಕನ ನೆನಪೇ ಗತಿ. ಮಾರುಕಟ್ಟೆಗೆ ಹೋಗುವಾಗ ಹೋಗುತ್ತದೆ, ಖಾಲಿ ಬರುವಾಗ ಹೋಗುವುದಿಲ್ಲ ಎಂದು ಅವನು ಹೇಳಿದರೆ ಕಿವಿ ನೆಟ್ಟಗಾಗಬೇಕು. ಹೊರೆ ಹೇರಿದಾಗ ಹಿಂದಿನ ಲೀಫ್ ಸ್ಪ್ರಿಂಗ್ ಕುಗ್ಗಿ ಆಕ್ಸಲ್ ಚಾಸಿಯ ಹತ್ತಿರಕ್ಕೆ ಏರುತ್ತದೆ. ಕ್ಲಿಪ್ ಮುರಿದು ಜೋತುಬಿದ್ದ ವೈರ್ ಇದ್ದರೆ ಆಗ ಸ್ಪ್ರಿಂಗಿಗೋ ಅದರ ಬ್ರಾಕೆಟ್ಟಿಗೋ ತಾಗುತ್ತದೆ. ಖಾಲಿ ಗಾಡಿಯಲ್ಲಿ ಈ ದೋಷ ಇರುವುದೇ ಇಲ್ಲ! ಹೊರೆ ಇರುವಾಗಲೇ ಗಾಡಿ ತರಿಸಿ, ಚಕ್ರಗಳಿಗೆ ಮುಂದೆ ಹಿಂದೆ ಅಡ್ಡ ಕೊಟ್ಟು, ಬಲ್ಬು ಚುಚ್ಚಿ ನೋಡಬೇಕು. ಎಡಕ್ಕೆ ತಿರುಗಿದಾಗ ಮಾತ್ರ ಹೋಗುವುದಾದರೆ ಸ್ಟೀರಿಂಗ್ ಕೆಳಗಿನ ವೈರ್, ರಿವರ್ಸ್ ಹಾಕಿದಾಗ ಮಾತ್ರ ಹೋಗುವುದಾದರೆ ಗೇರ್ ಬಾಕ್ಸಿನ ಸ್ವಿಚ್ಚಿನ ವೈರ್, ಮೊದಲು ಅಲ್ಲಿಗೆ ಕೈ ಹಾಕಿ.

ಹೊರೆ ಹೊತ್ತ ಗಾಡಿಯಲ್ಲಿ ಬಲ್ಬು ಝಗ್ ಎಂದಿತು ಎನ್ನೋಣ. ವೈರ್ ಕಟ್ಟನ್ನು ಉದ್ದಕ್ಕೂ ಬಿಚ್ಚದೆ ಜಾಗ ಹಿಡಿಯಲು ಎರಡು ದಾರಿಗಳಿವೆ. ಎರಡೂ ಹತ್ತೊಂಬತ್ತನೇ ಶತಮಾನದ ಭೌತವಿಜ್ಞಾನದ ಬಳುವಳಿ.

ಕೋಪನ್‌ಹೇಗನ್ನಿನ ಹಾನ್ಸ್ ಕ್ರಿಶ್ಚಿಯನ್ ಅರ್ಸ್ಟೆಡ್ 1820ರಲ್ಲಿ ಕರೆಂಟ್ ಹರಿಯುವ ತಂತಿಯ ಬಳಿ ದಿಕ್ಸೂಚಿಯ ಮುಳ್ಳು ತಿರುಗುವುದನ್ನು ಕಂಡ. ವಿದ್ಯುತ್ತಿಗೂ ಕಾಂತಕ್ಕೂ ಇರುವ ನಂಟು ಜಗತ್ತಿಗೆ ಗೊತ್ತಾದದ್ದು ಹಾಗೆ. ನಮ್ಮ ಬಲ್ಬು ಹರಿಯಬಿಡುವ 4.6 ಆಂಪ್, ವೈರಿನಿಂದ 2 ಸೆಂಟಿಮೀಟರ್ ದೂರದಲ್ಲಿ 46 ಮೈಕ್ರೋಟೆಸ್ಲಾ ಕಾಂತಕ್ಷೇತ್ರವನ್ನು ಹುಟ್ಟಿಸುತ್ತದೆ. ಕರ್ನಾಟಕದಲ್ಲಿ ದಿಕ್ಸೂಚಿಯನ್ನು ಉತ್ತರಕ್ಕೆ ಎಳೆಯುವ ಭೂಮಿಯ ಕಾಂತಕ್ಷೇತ್ರ 40 ಮೈಕ್ರೋಟೆಸ್ಲಾ ಸುಮಾರು. ಎರಡೂ ಸರಿಸಮ. ಗಾಡಿಯನ್ನು ಉತ್ತರ ದಕ್ಷಿಣವಾಗಿ ನಿಲ್ಲಿಸಿ, ವೈರಿನ ಮೇಲೆ ದಿಕ್ಸೂಚಿ ಹಿಡಿದು ಒಬ್ಬರು ಲೈಟ್ ಸ್ವಿಚ್ ಹಾಕಿ ಆರಿಸುತ್ತಿದ್ದರೆ ಮುಳ್ಳು ಪ್ರತಿ ಸಲವೂ ಜಿಗಿಯುತ್ತದೆ. ಚಾಸಿಯ ಕಬ್ಬಿಣ ಮುಳ್ಳನ್ನು ಅತ್ತಿತ್ತ ಎಳೆದಿರುತ್ತದೆ, ಅದನ್ನು ಲೆಕ್ಕಕ್ಕೆ ಇಟ್ಟುಕೊಳ್ಳಬೇಡಿ, ಜಿಗಿತವನ್ನಷ್ಟೇ ನೋಡಿ. ವೈರಿನಗುಂಟ ಹಿಂದಕ್ಕೆ ಸರಿಯುತ್ತಾ ಹೋಗಿ. ಶಾರ್ಟ್ ದಾಟಿದ ಕೂಡಲೇ ಜಿಗಿತ ನಿಲ್ಲುತ್ತದೆ, ಏಕೆಂದರೆ ಕರೆಂಟ್ ಅಲ್ಲೇ ಬಾಡಿಗೆ ಇಳಿದುಹೋಗಿದೆ. ದಿಕ್ಸೂಚಿ ಇಲ್ಲದಿದ್ದರೆ ಬಹುತೇಕ ಮೊಬೈಲುಗಳಲ್ಲಿ ಕಾಂತಕ್ಷೇತ್ರ ಅಳೆಯುವ ಸಂವೇದಕ ಇದ್ದೇ ಇರುತ್ತದೆ. ಅದನ್ನು ಮೈಕ್ರೋಟೆಸ್ಲಾದಲ್ಲಿ ತೋರಿಸುವ ಆ್ಯಪ್‌ಗಳು ಪುಕ್ಕಟೆ ಸಿಗುತ್ತವೆ. ಹಿಂತಿರುಗುವ ಕರೆಂಟ್ ಚಾಸಿಯಲ್ಲಿ ಹರಡಿ ಹೋಗುವುದರಿಂದ ಈ ಉಪಾಯ ನಡೆಯುತ್ತದೆ. ಅದೇ ಕಟ್ಟಿನಲ್ಲಿರುವ ಅರ್ಥ್ ವೈರಿಗೆ ಶಾರ್ಟ್ ಆಗಿದ್ದರೆ ಹೋಗುವ ಬರುವ ಕರೆಂಟುಗಳ ಕ್ಷೇತ್ರಗಳು ಒಂದನ್ನೊಂದು ಅಳಿಸಿ ಮುಳ್ಳು ಸುಮ್ಮನಿರುತ್ತದೆ.

ಎರಡನೆಯ ದಾರಿ ಸಮುದ್ರದಡಿಯ ಟೆಲಿಗ್ರಾಫ್ ಕೇಬಲ್ಲುಗಳ ಕಾಲದ್ದು. ಕೇಬಲ್ ಎಷ್ಟು ಮೈಲಿ ದೂರದಲ್ಲಿ ಕೆಟ್ಟಿದೆ ಎಂಬುದನ್ನು ಆಗಿನ ಎಂಜಿನಿಯರುಗಳು ದಡದಲ್ಲೇ ಕೂತು ರೋಧ ಅಳೆದು ಹೇಳುತ್ತಿದ್ದರು. ಪಿಕಪ್ಪಿಗೂ ಅದೇ ವಿದ್ಯೆ. 4.6 ಆಂಪ್ ಹರಿಯುವಾಗ 1 ಚದರ ಮಿಲಿಮೀಟರ್ ವೈರಿನ ಪ್ರತಿ ಮೀಟರಿನಲ್ಲಿ 0.08 ವೋಲ್ಟ್ ಇಳಿಯುತ್ತದೆ. ಇಷ್ಟು ಸಣ್ಣ ವೋಲ್ಟೇಜನ್ನು ಸಾಮಾನ್ಯ ಮಲ್ಟಿಮೀಟರ್ ಸುಲಭವಾಗಿ ಓದುತ್ತದೆ. ಕ್ಯಾಬಿನ್ ಕೆಳಗಿನ ಕಪ್ಲರಿನ ಪಿನ್ನಿಗೆ ಒಂದು ಕಡ್ಡಿ, ಚಾಸಿಯ ಉಜ್ಜಿದ ಕಬ್ಬಿಣಕ್ಕೆ ಇನ್ನೊಂದು ಕಡ್ಡಿ ಇಟ್ಟಾಗ 0.14 ವೋಲ್ಟ್ ಬಂದರೆ ಶಾರ್ಟ್ ಕಪ್ಲರಿನಿಂದ ಹೆಚ್ಚೆಂದರೆ 1.75 ಮೀಟರ್ ಹಿಂದೆ ಇದೆ. ತಾಗಿದ ಜಾಗದಲ್ಲೂ ಸ್ವಲ್ಪ ರೋಧ ಇರುವುದರಿಂದ ನಿಜವಾದ ದೂರ ಇದಕ್ಕಿಂತ ಕಡಿಮೆಯೇ ಇರುತ್ತದೆ. ಟೇಪ್ ಹಿಡಿದು ಅಳೆದು ಅಲ್ಲಿಂದ ಮುಂದಕ್ಕೆ ನೋಡುತ್ತಾ ಬನ್ನಿ.

ಟಾರ್ಚ್ ಬಿಟ್ಟಾಗ ಸಿಗುವ ದೃಶ್ಯ ಸಾಮಾನ್ಯವಾಗಿ ಹೀಗಿರುತ್ತದೆ: ಚಾಸಿಗೆ ವೈರ್ ಹಿಡಿದಿಡುವ ಕ್ಲಿಪ್ ಇಲ್ಲ, ಅದರ ತುಕ್ಕಿನ ಕಲೆ ಮಾತ್ರ ಇದೆ. ವೈರ್ ಒಂದು ಗೇಣು ಜೋತು ಬಿದ್ದಿದೆ. ಮಣ್ಣು ಮೆತ್ತಿದ ಸ್ಲೀವಿನ ಒಂದು ಮಗ್ಗುಲು ಕಾಗದದಷ್ಟು ತೆಳುವಾಗಿ ಹರಿದಿದೆ. ಒಳಗೆ ನಾಲ್ಕೈದು ತಾಮ್ರದ ಎಳೆಗಳು ತುಂಡಾಗಿ ತುದಿಗಳು ಸುಟ್ಟು ಕಪ್ಪಾಗಿವೆ. ಅದರೆದುರು ಸ್ಪ್ರಿಂಗಿನ ಪಟ್ಟಿಯ ಮೇಲೆ, ಸುತ್ತಲೂ ತುಕ್ಕಿದ್ದರೂ, ಅಕ್ಕಿಕಾಳಿನಷ್ಟು ಜಾಗ ಮಾತ್ರ ಹೊಳೆಯುತ್ತಿದೆ. ಪ್ರತಿ ರಾತ್ರಿ ಕಿಡಿ ಹಾರಿ ಕಬ್ಬಿಣ ಕರಗಿದ ಗುರುತು ಅದು.

ಇಲ್ಲಿಗೆ ಬಂದ ಮೇಲೆ ಕಾಟಾಚಾರಕ್ಕೆ ಟೇಪ್ ಸುತ್ತಿ ಬಿಡುವುದು ಇಷ್ಟು ಶ್ರಮಕ್ಕೆ ಮಾಡುವ ಅನ್ಯಾಯ. ಗಾಡಿಯಡಿಯ ನೀರು, ಎಣ್ಣೆಗೆ ಬಟ್ಟೆಯಂಥ ಕಪ್ಪು ಟೇಪಿನ ಅಂಟು ಬಹಳ ಕಾಲ ನಿಲ್ಲುವುದಿಲ್ಲ. ಕೆಟ್ಟ ಭಾಗವನ್ನು ಕತ್ತರಿಸಿ ಅಷ್ಟೇ ದಪ್ಪದ ಹೊಸ ವೈರ್ ಸೇರಿಸಿ, ಜಾಯಿಂಟಿನ ಮೇಲೆ ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ, ಮೇಲೆ ಹೊಸ ಹೊರಕೊಳವೆ ಹಾಕಿ, ಕ್ಲಿಪ್ ಬಿಗಿದು, ಆಕ್ಸಲ್ ಪೂರ್ತಿ ಏರಿದರೂ ತಾಗದಂತೆ ದೂರ ಕಟ್ಟಬೇಕು. ರಂಧ್ರಗಳಿಗೆ ರಬ್ಬರ್ ಬುಷ್ ಹಾಕಬೇಕು. ಬಲ್ಬು ಇನ್ನೂ ಫ್ಯೂಸಿನ ಜಾಗದಲ್ಲೇ ಇರಲಿ. ಒಬ್ಬರು ವೈರ್ ಕಟ್ಟನ್ನು ಮುಂದಿನಿಂದ ಹಿಂದಿನವರೆಗೆ ಹಿಡಿದು ಅಲುಗಾಡಿಸಲಿ, ಇನ್ನೊಬ್ಬರು ಬಲ್ಬು ನೋಡುತ್ತಿರಲಿ. ಒಂದು ಕಡೆ ಸವೆದ ವೈರ್ ಇನ್ನೊಂದು ಕಡೆಯೂ ಸವೆಯುತ್ತಿರುವುದು ಹೆಚ್ಚು. ಬಲ್ಬು ಎಲ್ಲೂ ಮಿಂಚದಿದ್ದರೆ ಅದನ್ನು ತೆಗೆದು ಕೆಂಪು ಫ್ಯೂಸ್ ಹಾಕಿ, ಹೊರೆ ಹೇರಿ ಒಂದು ರಾತ್ರಿ ಓಡಿಸಿ.

ನಿಮ್ಮ ಮನೆಯಲ್ಲೂ ಹತ್ತು ವರ್ಷ ದಾಟಿದ ಗಾಡಿ ಇದ್ದರೆ ಒಂದು ಕೆಲಸ ಮಾಡಿ. ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಮೈಯಲ್ಲಿ ಯಾವ ಜಾಗಕ್ಕೆ ಎಷ್ಟು ಆಂಪ್ ಎಂದು ಅಚ್ಚಾಗಿರುತ್ತದೆ. ಒಂದೊಂದೇ ಫ್ಯೂಸ್ ಎಳೆದು ಅದರ ತಲೆಯ ಮೇಲಿನ ಅಂಕಿಯನ್ನು ಆ ಪಟ್ಟಿಗೆ ಹೋಲಿಸಿ ನೋಡಿ. ಕೆಂಪು ಇರಬೇಕಾದಲ್ಲಿ ಹಸಿರು ಕೂತಿದ್ದರೆ, ಬೇಗಡೆಯೋ ತಂತಿಯ ತುಂಡೋ ಸಿಕ್ಕರೆ, ಅದನ್ನು ಇವತ್ತೇ ತೆಗೆದು ಸರಿಯಾದದ್ದು ಹಾಕಿ. ಅದು ಹೋದರೆ ಎಸೆಯಬೇಡಿ, ಎಲ್ಲಿ ಯಾವಾಗ ಹೋಯಿತೆಂದು ಬರೆದು ಅದರ ಜೊತೆಗಿಟ್ಟು ಎಲೆಕ್ಟ್ರಿಷಿಯನ್‌ಗೆ ಕೊಡಿ.